ಕೊಡಗಿನ ಅಂಗಳದಲ್ಲಿ ನಾಟಿ ಕೋಳಿ: ತಳಿಗೂ ಮೇವಿಗೂ ಹೊಂದಾಣಿಕೆ ಮಾಡುವ ಬಗೆ

ಕೊಡಗಿನಲ್ಲಿ ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಗಾಲ, ನಾಟಿ ಕೋಳಿಗೆ ಬೇಡಿಕೆ ಏರುವ ಕಾಲ. ಕೋಳಿ ಸಾಕುವವರಿಗೆ ಅತ್ಯಂತ ಕಷ್ಟದ ಕಾಲವೂ ಅದೇ. ಗೂಡಿನ ನೆಲ ಒಣಗುವುದಿಲ್ಲ, ಕೋಳಿಗಳು ತೋಟಕ್ಕೆ ಇಳಿಯಲು ಹಿಂಜರಿಯುತ್ತವೆ, ಮೂಟೆಯಲ್ಲಿಟ್ಟ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ಹೊಸದಾಗಿ ಕೋಳಿ ಸಾಕಲು ಹೊರಟವರು ಸಾಮಾನ್ಯವಾಗಿ ‘ಯಾವ ತಳಿ ಒಳ್ಳೆಯದು’ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ನಮ್ಮ ಮನೆಯಲ್ಲಿ, ನಮ್ಮ ಮಳೆಯಲ್ಲಿ, ವರ್ಷದ ಹನ್ನೆರಡು ತಿಂಗಳೂ ತಪ್ಪದೆ ಎಂಥ ಮೇವನ್ನು ಕೊಡಲು ಸಾಧ್ಯ? ಕೋಳಿ ಎಷ್ಟು ಬೆಳೆಯಬಲ್ಲದು, ಎಷ್ಟು ಮೊಟ್ಟೆ ಇಡಬಲ್ಲದು ಎಂಬ ಮಿತಿಯನ್ನು ಅದರ ವಂಶ ಹಾಕಿರುತ್ತದೆ. ಆ ಮಿತಿಯ ಎಷ್ಟು ಹತ್ತಿರಕ್ಕೆ ಅದು ಹೋಗುತ್ತದೆ ಎಂಬುದು ಮೇವಿನ ಕೈಯಲ್ಲಿದೆ. ಮೇವಿಗೆ ಒಗ್ಗದ ತಳಿಯನ್ನು ತಂದರೆ ತಳಿಯ ಗುಣವೂ ಕಾಣುವುದಿಲ್ಲ, ಮೇವಿನ ಹಣವೂ ಹಿಂದಿರುಗುವುದಿಲ್ಲ.

ತಳಿಯನ್ನು ಆರಿಸುವಾಗ

ನಮ್ಮ ಊರುಗಳಲ್ಲಿ ಮನೆಮನೆಯಲ್ಲಿರುವ ನಾಟಿ ಕೋಳಿ ಒಂದೇ ಬಣ್ಣದ, ಒಂದೇ ಆಕಾರದ ತಳಿಯಲ್ಲ. ಕೆಂಪು, ಕಪ್ಪು, ಬೂದು, ಚುಕ್ಕೆ, ಎಲ್ಲವೂ ಒಂದೇ ತಾಯಿಯ ಮರಿಗಳಲ್ಲಿ ಕಾಣಿಸುತ್ತವೆ. ಆದರೂ ಕೆಲವು ಗುಣಗಳು ಅವುಗಳಲ್ಲಿ ಸಾಮಾನ್ಯವಾಗಿವೆ. ಹೇಟೆ ಆರರಿಂದ ಎಂಟು ತಿಂಗಳಿಗೆ ಮೊಟ್ಟೆಗೆ ಬರುತ್ತದೆ, ಒಂದು ಸರದಿಗೆ ಹತ್ತರಿಂದ ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ, ಮರಿಗಳನ್ನು ತಾನೇ ಮೇಯಿಸಿ ದೊಡ್ಡದು ಮಾಡುತ್ತದೆ. ವರ್ಷಕ್ಕೆ 50ರಿಂದ 80 ಮೊಟ್ಟೆ ಸಿಕ್ಕರೆ ಅದು ಒಳ್ಳೆಯ ಹೇಟೆ. ಮೊಟ್ಟೆ ಚಿಕ್ಕದು, ಸುಮಾರು 40 ಗ್ರಾಂ. ಈ ಲೆಕ್ಕವನ್ನು ಕೇಳಿ ನಿರಾಶರಾಗುವವರು ಒಂದನ್ನು ಗಮನಿಸಬೇಕು: ಇಷ್ಟನ್ನೂ ಅದು ಮಾಡುವುದು ತೋಟದ ಹುಳ, ಗದ್ದೆಯ ಉದುರು ಭತ್ತ, ಅಡುಗೆಮನೆಯ ಅನ್ನ ಮತ್ತು ಸಂಜೆಯ ಒಂದು ಹಿಡಿ ಕಾಳಿನ ಮೇಲೆ.

ಹೆಸರುಳ್ಳ ದೇಶಿ ತಳಿ ಬೇಕೆನ್ನುವವರಿಗೆ ನಮ್ಮ ನೆರೆಯಲ್ಲಿಯೇ ಒಂದು ಇದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯ ಮೂಲಕ ಹೋದರೆ ಸಿಗುವ ಕೇರಳದ ತಲಶ್ಶೇರಿಯ ಹೆಸರಿನಲ್ಲೇ ‘ತೆಲ್ಲಿಚೆರಿ’ ತಳಿ ಇದ್ದು, ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಅದನ್ನು ನೋಂದಾಯಿಸಿದೆ. ನೀಲಿ ಹೊಳಪಿನ ಕಪ್ಪು ಗರಿ ಅದರ ಗುರುತು. ಘಟ್ಟದ ಕೆಳಗಿನ ಮಳೆಗೆ ಒಗ್ಗಿದ ಕೋಳಿಯಾದ್ದರಿಂದ ಕೊಡಗಿನವರು ಮೊದಲು ಯೋಚಿಸಬೇಕಾದ ತಳಿ ಇದೆಂದು ನನ್ನ ಅಭಿಪ್ರಾಯ. ಆಂಧ್ರಪ್ರದೇಶ ಮತ್ತು ಕರ್ನಾಟಕದ ಘಾಗಸ್, ಕಾಳಗಕ್ಕೆಂದು ಬೆಳೆದುಬಂದ ಅಸೀಲ್, ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಇವೂ ನೋಂದಾಯಿತ ತಳಿಗಳೇ. ಅಸೀಲ್ ಮೈಕಟ್ಟಿನಲ್ಲಿ ಗಟ್ಟಿ, ಮೊಟ್ಟೆಯಲ್ಲಿ ಕಡಿಮೆ. ಹುಂಜಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ಕೊಲ್ಲುವವರೆಗೂ ಹೊಡೆದಾಡುತ್ತವೆ. ಕಡಕ್‌ನಾಥ್ ಒಣ ಸೀಮೆಯ ಕೋಳಿ. ಭಾಗಮಂಡಲದ ಮಳೆಯಲ್ಲಿ ಅದನ್ನು ಸಾಕುವವರು ಗೂಡಿನ ಮೇಲೆ ಹೆಚ್ಚು ಖರ್ಚು ಮಾಡಲು ಸಿದ್ಧರಿರಬೇಕು. ಮಳೆ ಕಡಿಮೆಯಿರುವ ಕುಶಾಲನಗರದ ಬದಿಯಲ್ಲಾದರೆ ಅಷ್ಟು ಕಷ್ಟವಿಲ್ಲ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ, ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ ನಾಟಿ ಕೋಳಿಗಳಲ್ಲ. ಹಿತ್ತಲಿನಲ್ಲಿ ಸಾಕಲೆಂದೇ ಸುಧಾರಿಸಿದ ಸಂಕರ ಕೋಳಿಗಳಿವು. ನಾಟಿಗಿಂತ ಬೇಗ ತೂಕ ಬರುತ್ತವೆ, ಹೆಚ್ಚು ಮೊಟ್ಟೆ ಇಡುತ್ತವೆ. ಅದಕ್ಕೆ ತಕ್ಕ ಮೇವನ್ನೂ ಕೇಳುತ್ತವೆ, ಕಾವಿಗೆ ಮಾತ್ರ ಕೂರುವುದಿಲ್ಲ. ಮರಿಯನ್ನು ಪ್ರತಿ ಬಾರಿ ಹೊರಗಿನಿಂದಲೇ ತರುವುದಾದರೆ, ದಿನವೂ ತೂಗಿ ಮೇವು ಹಾಕುವುದಾದರೆ ಅವು ಒಳ್ಳೆಯವು.

ವಂಶದಿಂದ ಬರುವುದು ಯಾವುದು, ಮೇವಿನಿಂದ ಬರುವುದು ಯಾವುದು

ಈ ಎರಡನ್ನು ಬೇರ್ಪಡಿಸಿ ನೋಡುವುದನ್ನು ಕಲಿಯದಿದ್ದರೆ ಮುಂದಿನ ಯಾವ ಕೆಲಸವೂ ಸರಿಹೋಗುವುದಿಲ್ಲ. ಮೊಟ್ಟೆಯ ಭಂಡಾರದ ಬಣ್ಣವನ್ನೇ ತೆಗೆದುಕೊಳ್ಳಿ. ಕಡು ಹಳದಿ ಭಂಡಾರ ನಾಟಿ ಕೋಳಿಯ ಗುರುತೆಂದು ಎಲ್ಲರೂ ನಂಬಿದ್ದಾರೆ. ಆದರೆ ಆ ಬಣ್ಣ ಬರುವುದು ಹಸಿರು ಸೊಪ್ಪು ಮತ್ತು ಹಳದಿ ಮೆಕ್ಕೆಜೋಳದಲ್ಲಿರುವ ಝಾಂತೋಫಿಲ್ ಎಂಬ ವರ್ಣದ್ರವ್ಯದಿಂದ. ಅಪ್ಪಟ ನಾಟಿ ಹೇಟೆಯನ್ನು ಒಂದು ತಿಂಗಳು ಗೂಡಿನಲ್ಲಿ ಕೂಡಿಹಾಕಿ ಬರೀ ಅಕ್ಕಿ ನುಚ್ಚು ಹಾಕಿದರೆ ಅದರ ಭಂಡಾರವೂ ಬಿಳಿಚುತ್ತದೆ.

ಕಾಲು ಮತ್ತು ಚರ್ಮದ ಹಳದಿ ಬಣ್ಣದಲ್ಲಿ ಎರಡೂ ಸೇರುತ್ತವೆ. ಹಳದಿ ಚರ್ಮದ ವಂಶವಾಹಿ ತಾಯಿ ಮತ್ತು ತಂದೆ ಇಬ್ಬರಿಂದಲೂ ಬಂದಿದ್ದರೆ ಮಾತ್ರ ಮೇವಿನಲ್ಲಿರುವ ಹಳದಿ ಚರ್ಮದಲ್ಲಿ ನಿಲ್ಲುತ್ತದೆ; ಒಬ್ಬರಿಂದ ಬಿಳಿ ಚರ್ಮದ ವಂಶವಾಹಿ ಬಂದಿದ್ದರೂ ಎಷ್ಟು ಸೊಪ್ಪು ತಿನ್ನಿಸಿದರೂ ಕಾಲು ಹಳದಿಯಾಗದು. ವಂಶವಾಹಿ ಇದ್ದು ಮೇವಿನಲ್ಲಿ ಬಣ್ಣವಿಲ್ಲದಿದ್ದರೂ ಆಗದು. ಈ ಹಳದಿ ಚರ್ಮದ ವಂಶವಾಹಿ ಸಾಕುಕೋಳಿಗೆ ಬಂದದ್ದು ಅದರ ಮುಖ್ಯ ಪೂರ್ವಜನಾದ ಕೆಂಪು ಕಾಡುಕೋಳಿಯಿಂದಲ್ಲ, ನಮ್ಮ ಕಾಫಿ ತೋಟಗಳ ಅಂಚಿನಲ್ಲಿ ಬೆಳಗಿನ ಜಾವ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜಗತ್ತಿನ ಎಷ್ಟೋ ತಳಿಗಳ ಹಳದಿ ಕಾಲಿನಲ್ಲಿ ಈ ಹಕ್ಕಿಯ ಪಾಲಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಕಾಡುಕೋಳಿಯನ್ನು ಹಿಡಿಯುವುದು, ಅದರ ಮೊಟ್ಟೆ ತಂದು ಹೇಟೆಯ ಕೆಳಗಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಕೆಲಸ ಮಾಡಬಾರದು.

ಮಾಂಸದ ರುಚಿ ಮತ್ತು ಬಿಗಿಯ ಮಾತು ಬಂದಾಗಲೂ ಹೀಗೆಯೇ. ನಾಟಿ ಕೋಳಿಯ ಬಿಗಿಯಾದ ಮಾಂಸಕ್ಕೆ ತಳಿಯಷ್ಟೇ ಅದರ ವಯಸ್ಸೂ ಓಡಾಟವೂ ಕಾರಣ. ಆರು ತಿಂಗಳು ತೋಟದಲ್ಲಿ ಕೆದಕಿ ತಿಂದ ಹುಂಜ ಮತ್ತು ಆರು ವಾರಕ್ಕೆ ಕೊಯ್ಯುವ ಬ್ರಾಯ್ಲರ್ ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಆ ವಯಸ್ಸಿನದ್ದು.

ಮೈತೂಕ ಮತ್ತು ಮೊಟ್ಟೆಯ ಸಂಖ್ಯೆಯ ವಿಷಯ ಬೇರೆ ಬೇರೆ. ಒಂದೇ ಮೇವು ತಿಂದ ಕೋಳಿಗಳ ನಡುವೆ ಮೈತೂಕದಲ್ಲಿ ಕಾಣುವ ವ್ಯತ್ಯಾಸದ ಗಣನೀಯ ಪಾಲು ವಂಶದಿಂದ ಬಂದದ್ದು. ಆದ್ದರಿಂದ ದೊಡ್ಡ ಹುಂಜವನ್ನು ನೋಡಿ ಆರಿಸಿದರೆ ಮರಿಗಳೂ ದೊಡ್ಡವಾಗುತ್ತವೆ. ಮೊಟ್ಟೆಯ ಸಂಖ್ಯೆಯಲ್ಲಿ ವಂಶದ ಪಾಲು ಕಡಿಮೆ. ಮೇವು, ಋತು, ಆರೋಗ್ಯದ ಪಾಲು ಹೆಚ್ಚು. ಒಂದು ಹೇಟೆ ಒಂದು ವರ್ಷ ಚೆನ್ನಾಗಿ ಮೊಟ್ಟೆ ಇಟ್ಟಿತೆಂದು ಅದರ ಮಗಳೂ ಹಾಗೆಯೇ ಇಡುತ್ತಾಳೆಂದು ನಂಬಲಾಗದು. ಅದರ ಅಕ್ಕತಂಗಿಯರು, ತಾಯಿ, ಎಲ್ಲರ ಲೆಕ್ಕವನ್ನೂ ನೋಡಿ ಕುಟುಂಬವನ್ನೇ ಆರಿಸಬೇಕು.

ಬೇರೆ ತಳಿಯ ಜೊತೆ ಕೂಡಿಸುವವರು ಯಾವುದು ಹುಂಜ, ಯಾವುದು ಹೇಟೆ ಎಂಬುದನ್ನು ಮೊದಲೇ ಯೋಚಿಸಬೇಕು. ಕೋಳಿಗಳಲ್ಲಿ ಹುಂಜಕ್ಕೆ ಎರಡು ಝಡ್ ವರ್ಣತಂತುಗಳಿದ್ದರೆ ಹೇಟೆಗೆ ಒಂದೇ. ಆ ಒಂದನ್ನು ಅದು ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಕಡಕ್‌ನಾಥ್‌ನ ಕಪ್ಪು ಚರ್ಮವನ್ನು ತಡೆಯುವ ಒಂದು ವಂಶವಾಹಿ ಈ ಝಡ್‌ನಲ್ಲಿದ್ದು, ಬಿಳಿ ಅಥವಾ ಹಳದಿ ಕಾಲಿನ ಕೋಳಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆದ್ದರಿಂದ ಕಡಕ್‌ನಾಥ್ ಹುಂಜವನ್ನು ಅಂಥ ಹೇಟೆಗೆ ಬಿಟ್ಟರೆ ಹೆಣ್ಣುಮರಿಗಳು ಕಪ್ಪಾಗುತ್ತವೆ, ಗಂಡುಮರಿಗಳ ಕಪ್ಪು ತಿಳಿಯಾಗುತ್ತದೆ. ಇದನ್ನೇ ತಿರುಗಿಸಿ ಕಡಕ್‌ನಾಥ್ ಹೇಟೆಗೆ ಅಂಥ ಹುಂಜವನ್ನು ಬಿಟ್ಟರೆ ಯಾವ ಮರಿಯೂ ಪೂರ್ತಿ ಕಪ್ಪಾಗುವುದಿಲ್ಲ. ಮರಿ ಮಾರಿದವರು ಮೋಸ ಮಾಡಿದರೆಂದು ಜಗಳವಾದ ಕಡೆಗಳಲ್ಲಿ ಎಷ್ಟೋ ಸಲ ನಡೆದದ್ದು ಇಷ್ಟೇ.

ಬೋಳು ಕತ್ತಿನ ಕೋಳಿಯ ಬಗ್ಗೆಯೂ ಒಂದು ಮಾತು. ಆ ವಂಶವಾಹಿ ಮೈಮೇಲಿನ ಗರಿಯನ್ನೂ ಕಡಿಮೆ ಮಾಡುತ್ತದೆ, ಸೆಕೆಯ ಸೀಮೆಯಲ್ಲಿ ಅದು ವರ. ಗಾಳಿಬೀಡು, ಶಾಂತಳ್ಳಿಯಂಥ ಚಳಿ ಮತ್ತು ಜಡಿಮಳೆಯ ಊರಿನಲ್ಲಿ ಗರಿ ಕಡಿಮೆಯಾದ ಕೋಳಿ ಮೈ ಬೆಚ್ಚಗಿಟ್ಟುಕೊಳ್ಳಲೆಂದೇ ಹೆಚ್ಚು ಮೇವನ್ನು ಖರ್ಚು ಮಾಡುತ್ತದೆ.

ಸಂಕರ ಮಾಡುವುದಾದರೆ

ನಾಟಿ ಹೇಟೆಗೆ ಸುಧಾರಿತ ತಳಿಯ ಹುಂಜವನ್ನು ಬಿಟ್ಟರೆ ಮೊದಲ ತಲೆಮಾರಿನ ಮರಿಗಳು ನಿಜಕ್ಕೂ ಹುರುಪಾಗಿರುತ್ತವೆ. ಬೆಳವಣಿಗೆ ಚುರುಕು, ಸಾವು ಕಡಿಮೆ, ಮೊಟ್ಟೆ ಹೆಚ್ಚು. ಎರಡು ಬೇರೆ ವಂಶಗಳು ಕೂಡಿದಾಗ ಬರುವ ಈ ಹುರುಪು ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಲು ಬಿಟ್ಟ ಮುಂದಿನ ತಲೆಮಾರಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಗುಣಗಳೂ ಚದುರುತ್ತವೆ; ಒಂದು ಮರಿ ಅಜ್ಜಿಯಂತೆ, ಇನ್ನೊಂದು ಅಜ್ಜನಂತೆ. ನಾನು ಹೊರಗಿನಿಂದ ತಂದ ಹುಂಜವೊಂದನ್ನು ಹೀಗೆ ಬಿಟ್ಟು, ಮರಿಗಳ ಮೈಕಟ್ಟು ನೋಡಿ ಸಂತೋಷಪಟ್ಟು, ಹಳೆಯ ನಾಟಿ ಹೇಟೆಗಳನ್ನು ಒಂದೊಂದಾಗಿ ಮಾರಿಬಿಟ್ಟೆ. ಮೂರನೆಯ ವರ್ಷ ಮೊಟ್ಟೆ ಇತ್ತು, ಕಾವಿಗೆ ಕೂರುವ ಹೇಟೆ ಒಂದೂ ಇರಲಿಲ್ಲ. ಪಕ್ಕದ ಊರಿನಿಂದ ಎರಡು ಮುದಿ ಹೇಟೆಗಳನ್ನು ಕೇಳಿ ತಂದು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಕಾವು ಕೂರುವುದು ವಂಶದಿಂದ ಬರುವ ಗುಣ. ಕಳೆದುಹೋದರೆ ಯಾವ ಮೇವಿನಿಂದಲೂ ಹಿಂದಿರುಗುವುದಿಲ್ಲ. ಸಂಕರದ ಮರಿಗಳನ್ನು ಮಾಂಸಕ್ಕೆ ಮಾರಿ, ನಾಟಿ ಹೇಟೆಗಳ ಗುಂಪನ್ನು ನಾಟಿ ಹುಂಜದೊಂದಿಗೇ ಪ್ರತ್ಯೇಕವಾಗಿ ಕಾಪಾಡಿಕೊಳ್ಳುವುದು ಸರಿಯಾದ ದಾರಿ.

ಒಂದೇ ಹುಂಜದ ಮನೆ

ಸಂಕರಕ್ಕಿಂತ ಹೆಚ್ಚಿನ ಕೇಡು ಸದ್ದಿಲ್ಲದೆ ನಡೆಯುವುದು ಒಂದೇ ಹುಂಜವನ್ನು ಇಟ್ಟುಕೊಂಡು ವರ್ಷಗಟ್ಟಲೆ ಅದರ ಮಕ್ಕಳು ಮೊಮ್ಮಕ್ಕಳನ್ನೇ ಬೆಳೆಸುವ ಮನೆಗಳಲ್ಲಿ. ಲೆಕ್ಕ ಸುಲಭ. ಹುಂಜ ಮತ್ತು ಹೇಟೆಗಳ ಸಂಖ್ಯೆಯನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ವಂಶದ ದೃಷ್ಟಿಯಲ್ಲಿ ಆ ಗುಂಪು ನಿಜವಾಗಿ ಎಷ್ಟು ದೊಡ್ಡದು ಎಂಬುದು ಸಿಗುತ್ತದೆ. 1 ಹುಂಜ, 10 ಹೇಟೆ ಇದ್ದರೆ ಆ ಸಂಖ್ಯೆ 4ಕ್ಕೂ ಕಡಿಮೆ. ಪ್ರತಿ ತಲೆಮಾರಿಗೆ ರಕ್ತಸಂಬಂಧ ಸುಮಾರು ಶೇ. 14ರಷ್ಟು ಏರುತ್ತದೆ. 3 ಹುಂಜ, 15 ಹೇಟೆ ಇದ್ದರೆ ಸಂಖ್ಯೆ 10, ಏರಿಕೆ ಶೇ. 5. 5 ಹುಂಜ, 25 ಹೇಟೆಗೆ ಏರಿಕೆ ಶೇ. 3ಕ್ಕೆ ಇಳಿಯುತ್ತದೆ. ಹೇಟೆಗಳನ್ನು ಎಷ್ಟು ಹೆಚ್ಚಿಸಿದರೂ ಹುಂಜ ಒಂದೇ ಆದರೆ ಪ್ರಯೋಜನವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ರಕ್ತಸಂಬಂಧ ಏರಿದಾಗ ಮೊದಲು ಕುಸಿಯುವುದು ಮರಿಯಾಗುವ ಮೊಟ್ಟೆಗಳ ಪ್ರಮಾಣ, ಆಮೇಲೆ ಮರಿಗಳ ಚೈತನ್ಯ. ‘ಈ ವರ್ಷ ಯಾಕೋ ಮೊಟ್ಟೆಗಳೆಲ್ಲ ಕೆಟ್ಟುಹೋದವು’ ಎಂಬ ಮಾತಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಮೂರು ಹುಂಜಗಳನ್ನು ಒಂದೇ ಅಂಗಳದಲ್ಲಿ ಸಾಕುವುದು ಕಷ್ಟವಾದ್ದರಿಂದ ಮೂರು ಮನೆಯವರು ಒಪ್ಪಂದ ಮಾಡಿಕೊಳ್ಳುವುದು ಉತ್ತಮ. ಒಂದನೆಯ ಮನೆಯಲ್ಲಿ ಹುಟ್ಟಿದ ಹುಂಜ ಎರಡನೆಯ ಮನೆಗೆ, ಎರಡನೆಯದರದ್ದು ಮೂರನೆಯದಕ್ಕೆ, ಮೂರನೆಯದರದ್ದು ಒಂದನೆಯದಕ್ಕೆ. ಹೆಣ್ಣುಮರಿಗಳು ಮಾತ್ರ ಹುಟ್ಟಿದ ಮನೆಯಲ್ಲೇ ಉಳಿಯಬೇಕು. ವರ್ಷಕ್ಕೊಮ್ಮೆ ಹೀಗೆ ತಿರುಗಿಸಿದರೆ ಅಣ್ಣತಂಗಿಯರ ಕೂಡಿಕೆ ತಪ್ಪುತ್ತದೆ. ಬೇರೆ ಮನೆಯಿಂದ ಬಂದ ಹುಂಜವನ್ನು ಎರಡು ಮೂರು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಚಿತವಾದ ಮೇಲೆ ಮಾತ್ರ ಗುಂಪಿಗೆ ಬಿಡಬೇಕು.

ಮೇವು: ಋತುವನ್ನು ನೋಡಿ ಹಾಕುವುದು

ಬಿಟ್ಟು ಮೇಯಿಸುವ ಕೋಳಿಗೆ ಏನು ಕೊಡಬೇಕು ಎಂಬುದು ಆ ತಿಂಗಳು ತೋಟ ಮತ್ತು ಗದ್ದೆ ಅದಕ್ಕೆ ಏನು ಕೊಡುತ್ತಿಲ್ಲ ಎಂಬುದರ ಮೇಲೆ ನಿಂತಿದೆ. ಪುತ್ತರಿ, ಅಂದರೆ ಸುಗ್ಗಿಯ ಹುತ್ತರಿ ಹಬ್ಬ, ಕಳೆದು ಕೊಯ್ಲು ಮುಗಿದಾಗ ಗದ್ದೆಯಲ್ಲಿ, ಕಣದಲ್ಲಿ ಭತ್ತ ಉದುರಿರುತ್ತದೆ. ಆಗ ಶಕ್ತಿಗೆ ಕೊರತೆಯಿಲ್ಲ, ಕೊರತೆ ಪ್ರೋಟೀನಿನದು. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ನೆಲ ಒಣಗಿ ಹುಳುಗಳು ಆಳಕ್ಕಿಳಿದಿರುವಾಗ ಆ ಕೊರತೆ ಇನ್ನೂ ಹೆಚ್ಚುತ್ತದೆ. ಈ ತಿಂಗಳುಗಳಲ್ಲಿ ಸಂಜೆ ಮತ್ತೂ ನುಚ್ಚನ್ನೇ ಹಾಕಿದರೆ ಹೇಟೆ ಕೊಬ್ಬುತ್ತದೆಯೇ ಹೊರತು ಮೊಟ್ಟೆ ಹೆಚ್ಚಿಸುವುದಿಲ್ಲ. ನೆನೆಸಿ ಬೇಯಿಸಿದ ಹುರುಳಿ, ಸೋಯಾ ಹಿಂಡಿ, ಉಪ್ಪು ಹಾಕದೆ ಒಣಗಿಸಿದ ಮೀನಿನ ಪುಡಿ ಇವುಗಳಲ್ಲಿ ಒಂದನ್ನು ಸ್ವಲ್ಪ ಸೇರಿಸಬೇಕು. ಉಪ್ಪು ಹಾಕಿದ ಒಣಮೀನನ್ನು ಮರಿಗಳಿಗೆ ಕೊಟ್ಟರೆ ಅವು ಸಾಯಬಹುದು. ಹಳೆಯ ಮಡಕೆಯಲ್ಲಿ ಒಣ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕಿದರೆ ಮರುದಿನ ಮರಿಗಳಿಗೆ ಖರ್ಚಿಲ್ಲದ ಒಳ್ಳೆಯ ಪ್ರೋಟೀನ್ ಸಿಗುತ್ತದೆ.

ಜೂನ್‌ನಿಂದ ಸ್ಥಿತಿ ತಲೆಕೆಳಗು. ಎರೆಹುಳ, ಕೀಟ ಬೇಕಾದಷ್ಟಿದ್ದರೂ ಕೋಳಿ ಹೊರಗೆ ಹೋಗುವುದು ದಿನಕ್ಕೆ ಎರಡು ಮೂರು ಗಂಟೆ; ಮೈ ನೆನೆದು ಚಳಿಗೆ ಶಕ್ತಿ ಕರಗುತ್ತದೆ. ಆಗ ಮೆಕ್ಕೆಜೋಳ, ರಾಗಿ, ನುಚ್ಚಕ್ಕಿಯನ್ನು ಬೆಳಿಗ್ಗೆಯೂ ಕೊಡಬೇಕು. ಬೇಸಿಗೆಯಲ್ಲಿ ದೊಡ್ಡ ಕೋಳಿಗೆ ದಿನಕ್ಕೆ 30ರಿಂದ 40 ಗ್ರಾಂ ಸಾಕಾದರೆ ಜಡಿಮಳೆಯಲ್ಲಿ ಅದರ ಎರಡರಷ್ಟು ಬೇಕಾಗಬಹುದು. ಹಲಸಿನ ಬೀಜ ಹೇರಳವಾಗಿ ಸಿಗುವುದೂ ಆಗಲೇ. ಬೇಯಿಸಿ ಜಜ್ಜಿ ಹಾಕಿದರೆ ಕಾಳಿನ ಒಂದು ಪಾಲನ್ನು ಅದು ತುಂಬುತ್ತದೆ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಸಣ್ಣ ಜರೀಗಿಡವನ್ನು ಬೆಳೆದರೆ ಮೇವಿನ ಖರ್ಚೇ ಇಲ್ಲವೆಂದು ಹೇಳುವವರಿದ್ದಾರೆ. ಒಣಗಿದ ಅಜೋಲಾದಲ್ಲಿ ಶೇ. 20ಕ್ಕಿಂತ ಹೆಚ್ಚು ಪ್ರೋಟೀನ್ ಇರುವುದು ನಿಜ, ಆದರೆ ಹಸಿ ಅಜೋಲಾದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರು. 100 ಗ್ರಾಂ ಹಸಿಯನ್ನು ತಿಂದ ಕೋಳಿಗೆ ಸಿಗುವ ಪ್ರೋಟೀನ್ ಒಂದೂವರೆ ಗ್ರಾಂ ಆಸುಪಾಸು. ಸೊಪ್ಪಿನ ಬದಲಿಗೆ, ಭಂಡಾರದ ಬಣ್ಣಕ್ಕೆ ಅದು ಒಳ್ಳೆಯದು. ಹಿಂಡಿಯ ಬದಲಿಗೆ ಅದನ್ನು ನಂಬಬಾರದು.

ಮರಿಗಳ ಮೇವಿನಲ್ಲಿ ಮಾತ್ರ ಉಳಿತಾಯ ಮಾಡಲೇಬಾರದು. ಮೊದಲ ಎಂಟು ವಾರ ನಾಟಿ ಮರಿಗೂ ಶೇ. 20ರಷ್ಟು ಪ್ರೋಟೀನಿನ ಮೇವು ಬೇಕು. ಈ ಅವಧಿಯಲ್ಲಿ ಕುಂಠಿತವಾದ ಮರಿ ಆಮೇಲೆ ಎಷ್ಟು ತಿಂದರೂ ಜೊತೆಯವುಗಳನ್ನು ಪೂರ್ತಿ ಹಿಡಿಯುವುದಿಲ್ಲ. ಅಂಗಡಿಯ ಚಿಕ್ ಸ್ಟಾರ್ಟರ್ ತರಬಹುದು. ಮನೆಯಲ್ಲೇ ಮಾಡುವುದಾದರೆ 10 ಕಿಲೋಗೆ ಹೀಗೆ ಸೇರಿಸಬಹುದು: ಒಡೆದ ಹಳದಿ ಮೆಕ್ಕೆಜೋಳ ಐದೂವರೆ ಕಿಲೋ, ಸೋಯಾ ಹಿಂಡಿ 2 ಕಿಲೋ 600 ಗ್ರಾಂ, ತೌಡು 1 ಕಿಲೋ, ಉಪ್ಪಿಲ್ಲದ ಒಣಮೀನಿನ ಪುಡಿ ಅರ್ಧ ಕಿಲೋ, ಕೋಳಿಗೆಂದೇ ಮಾರುವ ಖನಿಜ ಮಿಶ್ರಣ 300 ಗ್ರಾಂ, ಚಿಪ್ಪಿನ ಪುಡಿ 100 ಗ್ರಾಂ. ಸೋಯಾ ಹಿಂಡಿ ಎಂದರೆ ಎಣ್ಣೆ ತೆಗೆದು ಹುರಿದದ್ದು. ಹಸಿ ಸೋಯಾ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಮೊಟ್ಟೆ ಕೋಳಿಯ ಲೇಯರ್ ಮೇವನ್ನು ಮರಿಗಳಿಗೆ ಹಾಕಬೇಡಿ. ಅದರಲ್ಲಿರುವ ಶೇ. 3ಕ್ಕಿಂತ ಹೆಚ್ಚಿನ ಕ್ಯಾಲ್ಸಿಯಂ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಮೊಟ್ಟೆ ಇಡುವ ಹೇಟೆಗೆ ಅದೇ ಕ್ಯಾಲ್ಸಿಯಂ ಬೇಕೇಬೇಕು. ನಮ್ಮ ಮಣ್ಣು ಹುಳಿ ಮಣ್ಣು. ಕಾಫಿಗೆ ಸುಣ್ಣ ಹಾಕಬೇಕಾಗಿ ಬರುವುದು ಅದಕ್ಕೇ. ಅಂಥ ಮಣ್ಣನ್ನು ಕೆದಕಿ ತಿನ್ನುವ ಕೋಳಿಗೂ ಸುಣ್ಣದಂಶ ಸಾಲದೆ ತೆಳು ಚಿಪ್ಪಿನ ಮೊಟ್ಟೆ ಬರುತ್ತದೆ. ಕಪ್ಪೆಚಿಪ್ಪಿನ ಚೂರನ್ನಾಗಲಿ, ಹುರಿದು ಪುಡಿ ಮಾಡಿದ ಮೊಟ್ಟೆಯ ಚಿಪ್ಪನ್ನಾಗಲಿ ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದ ಹೇಟೆ ಬೇಕಾದಷ್ಟನ್ನು ತಿನ್ನುತ್ತದೆ. ತೋಟಕ್ಕೆ ತಂದ ಡಾಲೊಮೈಟ್ ಪುಡಿಯನ್ನು ಹಾಕಬಾರದು. ಅದರ ಮೆಗ್ನೀಸಿಯಂನಿಂದ ಭೇದಿಯಾಗುತ್ತದೆ, ಚಿಪ್ಪು ಇನ್ನೂ ತೆಳುವಾಗುತ್ತದೆ.

ಬೂಷ್ಟು ಹಿಡಿದ ಮೇವು ನಮ್ಮ ಜಿಲ್ಲೆಯಲ್ಲಿ ಕೋಳಿಯ ದೊಡ್ಡ ಶತ್ರು. ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತನ್ನು ಕೆಡಿಸಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಹಾಕಿಸಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ತೊಳೆದರೂ ಬೇಯಿಸಿದರೂ ಆ ವಿಷ ಹೋಗದು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ತಂದು, ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡಬೇಕು. ಕಡಲೆಕಾಯಿ ಹಿಂಡಿಯನ್ನು ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರುವುದೇ ಇಲ್ಲ.

ತೋಟದಲ್ಲಿರುವ ಇನ್ನೆರಡು ಅಪಾಯಗಳನ್ನೂ ಹೇಳಬೇಕು. ಬೆಣ್ಣೆಹಣ್ಣಿನ ಎಲೆ, ಸಿಪ್ಪೆ, ಬೀಜದಲ್ಲಿ ಪರ್ಸಿನ್ ಎಂಬ ಅಂಶವಿದ್ದು ಅದು ಹಕ್ಕಿಗಳಿಗೆ ವಿಷ. ಮರದಡಿ ಬಿದ್ದ ಹಣ್ಣನ್ನು ಕೋಳಿಗೆ ಹಾಕಬಾರದು. ಕಾಫಿಗೂ ಮೆಣಸಿಗೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ, ಕಾಂಡಕೊರಕಕ್ಕೆ ಔಷಧಿ ಬಳಿಯುವಾಗ ಕೋಳಿಗಳನ್ನು ಕೆಲವು ದಿನ ಆ ಕಡೆ ಬಿಡಬಾರದು. ಮೈಲುತುತ್ತ ಕಲಸಿದ ಡ್ರಮ್ಮಿನ ಪಕ್ಕದ ಗುಂಡಿಯಲ್ಲಿ ನಿಂತ ನೀರನ್ನು ಅವು ಕುಡಿಯದಂತೆ ನೋಡಿಕೊಳ್ಳಬೇಕು.

ಗೂಡು, ಕಾವು, ಲಸಿಕೆ

ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿದ್ದು, ಮಾಡು ಮಳೆಗಾಳಿ ಬೀಸುವ ನೈಋತ್ಯದ ಬದಿಗೆ ಹೆಚ್ಚು ಚಾಚಿರಬೇಕು. ಮೇಲ್ಭಾಗದಲ್ಲಿ ಗಾಳಿಯಾಡಬೇಕು, ಕೋಳಿಯ ಮೈಮಟ್ಟದಲ್ಲಿ ಗಾಳಿ ನುಗ್ಗಬಾರದು. ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು ನುಸುಳದಂತೆ ಅರ್ಧ ಇಂಚಿನ ಕಣ್ಣಿನ ಬಲೆ ಹೊಡೆಯಬೇಕು. ನೆಲಕ್ಕೆ ಭತ್ತದ ಹೊಟ್ಟು ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಒದ್ದೆಯಾದ ಕೂಡಲೇ ಬದಲಿಸಬೇಕು, ಇಲ್ಲದಿದ್ದರೆ ಮರಿಗಳಿಗೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಹತ್ತಿ ರಕ್ತಭೇದಿಯಾಗುತ್ತದೆ.

ಕಾವಿಗಿಡುವ ಮೊಟ್ಟೆಗಳು ಒಂದು ವಾರಕ್ಕಿಂತ ಹಳೆಯವಾಗಿರಬಾರದು. ಚೂಪು ತುದಿ ಕೆಳಗಿರುವಂತೆ ತಂಪಾದ ಜಾಗದಲ್ಲಿ ಇಟ್ಟಿರಬೇಕು. ಒಂದು ನಾಟಿ ಹೇಟೆಗೆ 10ರಿಂದ 12 ಮೊಟ್ಟೆ ಸಾಕು. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ರಕ್ತನಾಳ ಕಾಣದ ಮೊಟ್ಟೆಗಳನ್ನು ತೆಗೆಯಬೇಕು. 21ನೆಯ ದಿನ ಮರಿ ಒಡೆಯುತ್ತವೆ. ಯಾವ ಹೇಟೆಯ, ಯಾವ ಹುಂಜದ ಮೊಟ್ಟೆಗಳಲ್ಲಿ ಎಷ್ಟು ಬಂಜೆಯಾದವು ಎಂಬುದನ್ನು ಆಗಲೇ ಬರೆದಿಡಬೇಕು.

ನಾಟಿ ಕೋಳಿಗೆ ರೋಗ ಬಾರದೆಂಬ ನಂಬಿಕೆ ಸುಳ್ಳು. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ನಾಟಿಯೂ ಗುಂಪಿಗೆ ಗುಂಪೇ ಸಾಯುತ್ತದೆ. 5ರಿಂದ 7ನೆಯ ದಿನಕ್ಕೆ ಕಣ್ಣು ಅಥವಾ ಮೂಗಿಗೆ ಲಸಿಕೆಯ ಹನಿ, ನಾಲ್ಕನೆಯ ವಾರಕ್ಕೆ ಮತ್ತೊಮ್ಮೆ, 8ರಿಂದ 10 ವಾರದಲ್ಲಿ ಚುಚ್ಚುಮದ್ದು, ಆರೇಳು ವಾರದ ಹೊತ್ತಿಗೆ ಸಿಡುಬಿನ ಲಸಿಕೆ ಹಾಕಿಸಬೇಕು. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ತಂಪು ತಪ್ಪಿದರೆ ಕೆಡುತ್ತದೆ, ತೆರೆದ ಮೇಲೆ ಉಳಿಸಲಾಗದು. ಹತ್ತು ಮನೆಯವರು ದಿನ ಗೊತ್ತುಮಾಡಿಕೊಂಡು ಪಶು ಆಸ್ಪತ್ರೆಯಿಂದ ಒಂದೇ ಸೀಸೆಯನ್ನು ಐಸಿನಲ್ಲಿ ತಂದು ಅಂದೇ ಮುಗಿಸುವುದು ಇದಕ್ಕಿರುವ ಪರಿಹಾರ.

ಹುಂಜವನ್ನು ಕಕ್ಕಡಕ್ಕೆ ಮೊದಲೇ ಆರಿಸುವುದು

ಮರಿಗಳು ಜನವರಿಯಲ್ಲಿ ಒಡೆಯುವಂತೆ ಡಿಸೆಂಬರ್ ಕೊನೆಗೆ ಮೊಟ್ಟೆಗಳನ್ನು ಕಾವಿಗೆ ಇಟ್ಟರೆ ಎರಡು ಅನುಕೂಲಗಳಿವೆ. ಮಳೆ ಹಿಡಿಯುವ ಮೊದಲು ಮರಿಗಳ ಮೈತುಂಬ ಗರಿ ಬಂದಿರುತ್ತದೆ. ಕಕ್ಕಡದ ಹೊತ್ತಿಗೆ ಗಂಡುಮರಿಗಳು ಆರು ತಿಂಗಳು ತುಂಬಿ ಮಾರಾಟಕ್ಕೆ ಸಿದ್ಧವಾಗಿರುತ್ತವೆ. ಮೇ ನಡುವೆ ಇಟ್ಟ ಮೊಟ್ಟೆಗಳ ಮರಿಗಳು ಎಳೆತನದಲ್ಲೇ ಜೂನ್ ಮಳೆಗೆ ಸಿಕ್ಕಿ ಅರ್ಧವೂ ಉಳಿಯದಿರಬಹುದು.

ಆದರೆ ಈ ಮಾರಾಟದ ಕಾಲದಲ್ಲೇ ನಮ್ಮ ಕೋಳಿಗಳ ವಂಶಕ್ಕೆ ದೊಡ್ಡ ಪೆಟ್ಟು ಬೀಳುತ್ತಿದೆ. ಹಬ್ಬಕ್ಕೆ, ಹರಕೆಗೆ, ನೆಂಟರಿಗೆ ಎಂದು ಅತಿ ದೊಡ್ಡ, ಅತಿ ಚೆಂದದ ಹುಂಜಗಳು ಮೊದಲು ಹೋಗುತ್ತವೆ. ಯಾರೂ ಕೇಳದೆ ಉಳಿದ ಸಣ್ಣ ಹುಂಜ ಮುಂದಿನ ವರ್ಷದ ತಂದೆಯಾಗುತ್ತದೆ. ಮೈತೂಕ ವಂಶದಿಂದ ಬರುವ ಗುಣವಾದ್ದರಿಂದ ಇದನ್ನು ಹತ್ತು ವರ್ಷ ಮಾಡಿದರೆ ನಮ್ಮ ಕೈಯಾರೆ ಕೋಳಿಗಳನ್ನು ಕುಗ್ಗಿಸಿದಂತೆ. ಆದ್ದರಿಂದ ಮೇ ತಿಂಗಳಲ್ಲೇ ಮೂರು ಹುಂಜಗಳನ್ನು ಆರಿಸಿ ಕಾಲಿಗೆ ಬಳೆ ಹಾಕಬೇಕು, ಯಾರು ಎಷ್ಟು ಬೆಲೆ ಕೊಡುತ್ತೇನೆಂದರೂ ಅವನ್ನು ಕೊಡಬಾರದು.

ಆರಿಸುವಾಗ ಒಂದೇ ವಾರದಲ್ಲಿ ಹುಟ್ಟಿ ಒಂದೇ ಮೇವು ತಿಂದ ಹುಂಜಗಳನ್ನು ಮಾತ್ರ ಹೋಲಿಸಬೇಕು. ಜನವರಿಯಲ್ಲಿ ಹುಟ್ಟಿ ಸ್ಟಾರ್ಟರ್ ತಿಂದ ಹುಂಜವನ್ನು ಮಾರ್ಚಿನಲ್ಲಿ ಹುಟ್ಟಿ ನುಚ್ಚು ತಿಂದದ್ದರ ಜೊತೆ ತೂಗಿದರೆ ತಕ್ಕಡಿ ತೋರಿಸುವುದು ಮೇವನ್ನು, ವಂಶವನ್ನಲ್ಲ. 8 ಮತ್ತು 16 ವಾರಕ್ಕೆ ತೂಗಿ ಬರೆದಿಟ್ಟ ಲೆಕ್ಕದಲ್ಲಿ ಮೇಲಿರುವ ಐದಾರು ಹುಂಜಗಳನ್ನು ಮೊದಲು ಬೇರೆ ಮಾಡಿ, ಅವುಗಳಲ್ಲಿ ಯಾವುದರ ತಾಯಿ ಮತ್ತು ತಾಯಿಯ ಅಕ್ಕತಂಗಿಯರು ಸರಿಯಾಗಿ ಮೊಟ್ಟೆಯಿಟ್ಟು, ಕಾವು ಕೂತು, ಹೆಚ್ಚು ಮರಿಗಳನ್ನು ಗಿಡುಗನಿಂದ ಉಳಿಸಿ ಬೆಳೆಸಿದವೋ ಅದನ್ನು ಉಳಿಸಿಕೊಳ್ಳಬೇಕು. ಕಾಲು ನೇರವಾಗಿರಲಿ, ಕಣ್ಣು ಹೊಳೆಯಲಿ, ಎದೆಯ ಮೂಳೆ ಸೊಟ್ಟಗಿಲ್ಲದಿರಲಿ. ಬಣ್ಣವನ್ನು ಕೊನೆಯಲ್ಲಿ ನೋಡಿದರೆ ಸಾಕು. ಹೇಟೆಗಳಲ್ಲಿ ಮಾತ್ರ ಒಣಗಿದ ಎಲೆಯೊಳಗೆ ಮರೆಯಾಗುವ ಕಂದು ಬಣ್ಣಕ್ಕೆ ಬೆಲೆಯಿದೆ. ಬಿಳಿ ಹೇಟೆ ತೋಟದಲ್ಲಿ ದೂರದಿಂದಲೇ ಗಿಡುಗನ ಕಣ್ಣಿಗೆ ಬೀಳುತ್ತದೆ.

ಹೊಸ ಹುಂಜವನ್ನು ಗುಂಪಿಗೆ ಬಿಡುವ ದಿನವೇ ಹಳೆಯದನ್ನು ತೆಗೆಯಬೇಕು. ಹಳೆಯ ಹುಂಜದ ವೀರ್ಯ ಹೇಟೆಯ ಮೈಯಲ್ಲಿ ಎರಡು ಮೂರು ವಾರ ಉಳಿಯುವುದರಿಂದ ಆ ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ನಾಲ್ಕನೆಯ ವಾರದಿಂದ ಸಿಕ್ಕ ಮೊಟ್ಟೆಗಳನ್ನು ಮಾತ್ರ ಕಾವಿಗೆ ಇಡಬೇಕು. ಡಿಸೆಂಬರ್ ಕೊನೆಗೆ ಕಾವಿಗಿಡುವ ಯೋಚನೆಯಿದ್ದರೆ ಹುಂಜದ ಅದಲುಬದಲು ನವೆಂಬರ್ ನಡುವೆಯೇ ಮುಗಿದಿರಬೇಕು.